ಹುಳುಕಡ್ಡಿಗೆ ಕೊಟ್ಟ ಇಟ್ರಕೊನಜೋಲ್ ಕ್ಯಾಪ್ಸೂಲನ್ನು ತಂದೆಯವರ ಬಿಪಿ, ಸಕ್ಕರೆ, ಗ್ಯಾಸ್ ಮಾತ್ರೆಗಳ ಜೊತೆ ಕೊಡಬಹುದೇ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ 68 ವರ್ಷ. ಮಳೆಗಾಲವೆಂದು ಮನೆಯಲ್ಲಿ ಕೂರುವ ಸ್ವಭಾವ ಅವರದ್ದಲ್ಲ, ಈಗಲೂ ದಿನವಿಡೀ ತೋಟದಲ್ಲಿರುತ್ತಾರೆ. ಆರಿದ್ರಾ ಮಳೆ ಹಿಡಿದ ಮೇಲೆ ಅವರ ತೊಡೆಸಂದಿನಲ್ಲಿಯೂ ಉಡಿದಾರ ಕಟ್ಟುವ ಜಾಗದಲ್ಲಿಯೂ ಹುಳುಕಡ್ಡಿ ಎದ್ದಿದೆ. ಮೊದಲು ಪೇಟೆಯ ಔಷಧದ ಅಂಗಡಿಯೊಂದರಲ್ಲಿ ಕೇಳಿ ತಂದ ಮುಲಾಮನ್ನು ಹಚ್ಚಿಕೊಂಡರು. ಹಚ್ಚಿದ ಎರಡು ಮೂರು ದಿನಗಳಲ್ಲಿ ತುರಿಕೆ ಪೂರ್ತಿ ನಿಲ್ಲುತ್ತಿತ್ತು, ಬಿಟ್ಟ ಕೂಡಲೇ ಮೊದಲಿಗಿಂತ ಅಗಲವಾಗಿ ಹರಡುತ್ತಿತ್ತು. ಹೀಗೆಯೇ ಹಲವು ತಿಂಗಳು ಕಳೆದಿವೆ.

ಕೊನೆಗೆ ವೈದ್ಯರಿಗೆ ತೋರಿಸಿದೆವು. ಅವರು ಇಟ್ರಕೊನಜೋಲ್ 100 ಮಿಲಿಗ್ರಾಂ ಕ್ಯಾಪ್ಸೂಲನ್ನು ದಿನಕ್ಕೆರಡು ಬಾರಿ ಮತ್ತು ಹಚ್ಚಲು ಲುಲಿಕೊನಜೋಲ್ ಕ್ರೀಮನ್ನು ಬರೆದುಕೊಟ್ಟಿದ್ದಾರೆ. ಬೇರೆ ಕಾಯಿಲೆ ಏನಾದರೂ ಇದೆಯೇ ಎಂದು ವೈದ್ಯರು ಕೇಳಿದಾಗ ತಂದೆಯವರು ಸಕ್ಕರೆ ಕಾಯಿಲೆಯ ವಿಷಯವನ್ನಷ್ಟೇ ಹೇಳಿದರು. ಮನೆಗೆ ಬಂದು ನೋಡಿದರೆ ಅವರ ಡಬ್ಬಿಯಲ್ಲಿ ಇರುವುದು ಇಷ್ಟು: ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಮತ್ತು ಡೊಂಪೆರಿಡೋನ್ ಸೇರಿರುವ ಗ್ಯಾಸ್ ಮಾತ್ರೆ, ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್, ಬಿಪಿಗೆ ಆಮ್ಲೋಡಿಪಿನ್, ರಾತ್ರಿ ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್.

ಇವೆಲ್ಲವನ್ನೂ ಒಟ್ಟಿಗೆ ಕೊಡಬಹುದೇ? ಕ್ಯಾಪ್ಸೂಲನ್ನು ಯಾವ ಹೊತ್ತಿಗೆ ಕೊಡಬೇಕು? ಇದು ಲಿವರಿಗೆ ಕೆಟ್ಟದ್ದು, ದಿನ ಬಿಟ್ಟು ದಿನ ಕೊಟ್ಟರೆ ಸಾಕು ಎಂದು ನೆಂಟರೊಬ್ಬರು ಹೇಳುತ್ತಿದ್ದಾರೆ. ಕ್ಯಾಪ್ಸೂಲನ್ನು ಇನ್ನೂ ಶುರು ಮಾಡಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕಾಗಿ ವಿನಂತಿ.

ಉತ್ತರ 1: ಹಾಸನದ ಫಾರ್ಮಸಿಸ್ಟ್

ಶುರು ಮಾಡುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ನೀವು ಬರೆದ ಮಾತ್ರೆಗಳಲ್ಲಿ ಮೊದಲು ಗಮನಿಸಬೇಕಾದದ್ದು ಬೆಳಗಿನ ಗ್ಯಾಸ್ ಮಾತ್ರೆ. ಅದರಲ್ಲಿರುವ ಎರಡು ಔಷಧಗಳೂ ಇಟ್ರಕೊನಜೋಲ್ ಜೊತೆ ಹೊಂದುವುದಿಲ್ಲ, ಆದರೆ ಎರಡರ ಕಾರಣಗಳು ಬೇರೆ ಬೇರೆ.

ಇಟ್ರಕೊನಜೋಲ್ ಕ್ಯಾಪ್ಸೂಲ್ ಕರಗುವುದಕ್ಕೆ ಹೊಟ್ಟೆಯಲ್ಲಿ ಆಮ್ಲ ಇರಬೇಕು. ಪ್ಯಾಂಟೊಪ್ರಜೋಲ್ ಮಾಡುವ ಕೆಲಸವೇ ಆ ಆಮ್ಲವನ್ನು ತಗ್ಗಿಸುವುದು. ಆದ್ದರಿಂದ ಎರಡನ್ನೂ ತೆಗೆದುಕೊಂಡರೆ ಕ್ಯಾಪ್ಸೂಲಿನ ಬಹುಪಾಲು ರಕ್ತಕ್ಕೆ ಸೇರದೆ ಹಾಗೆಯೇ ಹೊರಹೋಗುತ್ತದೆ. ದುಡ್ಡು ಕೊಟ್ಟು ತಿಂಗಳುಗಟ್ಟಲೆ ನುಂಗಿದರೂ ಕಾಯಿಲೆ ಕದಲುವುದಿಲ್ಲ. ಪ್ಯಾಂಟೊಪ್ರಜೋಲಿನ ಪ್ರಭಾವ ಇಡೀ ದಿನ ಉಳಿಯುವುದರಿಂದ ಒಂದನ್ನು ಬೆಳಿಗ್ಗೆಯೂ ಇನ್ನೊಂದನ್ನು ರಾತ್ರಿಯೂ ಕೊಟ್ಟುಬಿಟ್ಟರೆ ಸರಿಹೋಗುತ್ತದೆ ಎನ್ನುವಂತಿಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್ ದ್ರವದ ವಿಷಯ ಸ್ವಲ್ಪ ಬೇರೆ. ಅದನ್ನು ಕ್ಯಾಪ್ಸೂಲ್ ನುಂಗಿ ಕನಿಷ್ಠ 2 ಗಂಟೆ ಕಳೆದ ಮೇಲೆ ಕುಡಿಯಬಹುದು.

ಡೊಂಪೆರಿಡೋನಿನದು ಇದಕ್ಕಿಂತ ಗಂಭೀರವಾದ ವಿಷಯ. ನಮ್ಮ ಲಿವರಿನಲ್ಲಿ ಹಲವಾರು ಔಷಧಗಳನ್ನು ಒಡೆದು ಹೊರಹಾಕುವ ಸಿವೈಪಿ 3ಎ4 ಎಂಬ ಕಿಣ್ವವಿದೆ. ಇಟ್ರಕೊನಜೋಲ್ ಆ ಕಿಣ್ವವನ್ನು ಬಲವಾಗಿ ತಡೆಯುತ್ತದೆ. ಆಗ ಡೊಂಪೆರಿಡೋನ್ ದೇಹದಿಂದ ಹೊರಹೋಗದೆ ರಕ್ತದಲ್ಲಿ ಸೇರುತ್ತಾ ಹೋಗಿ ಹೃದಯ ಬಡಿತದ ಲಯವನ್ನು ಕೆಡಿಸುವ ಸಾಧ್ಯತೆ ಇದೆ. ಇವೆರಡನ್ನೂ ಒಟ್ಟಿಗೆ ಕೊಡಲೇಬಾರದು. ಗ್ಯಾಸ್ ಮಾತ್ರೆಯನ್ನು ಔಷಧವೆಂದೇ ಲೆಕ್ಕಕ್ಕೆ ತೆಗೆದುಕೊಳ್ಳದವರು ಬಹಳ ಮಂದಿ ಇರುವುದರಿಂದ, ವೈದ್ಯರು ಎಷ್ಟೇ ಕೇಳಿದರೂ ಇದರ ಹೆಸರು ಹೊರಬರುವುದಿಲ್ಲ.

ಅದೇ ಕಿಣ್ವದ ಕಾರಣದಿಂದ ಅಟೋರ್ವಾಸ್ಟಾಟಿನ್ ಮತ್ತು ಆಮ್ಲೋಡಿಪಿನ್ ಕೂಡ ರಕ್ತದಲ್ಲಿ ಹೆಚ್ಚಾಗುತ್ತವೆ. ಮೊದಲನೆಯದು ಹೆಚ್ಚಾದರೆ ಮೈಕೈ ಸ್ನಾಯುಗಳಲ್ಲಿ ನೋವು, ನಿಶ್ಶಕ್ತಿ, ತೀರಾ ಹೆಚ್ಚಾದರೆ ಸ್ನಾಯುಗಳೇ ಹಾಳಾಗಿ ಮೂತ್ರದ ಬಣ್ಣ ಕಪ್ಪಾಗುವುದು ಉಂಟು. ಎರಡನೆಯದು ಹೆಚ್ಚಾದರೆ ಪಾದ ಊದಿಕೊಳ್ಳಬಹುದು, ಬಿಪಿ ಇಳಿಯಬಹುದು. ಕೊಲೆಸ್ಟ್ರಾಲ್ ಮಾತ್ರೆಯನ್ನು ಚಿಕಿತ್ಸೆ ಮುಗಿಯುವವರೆಗೆ ನಿಲ್ಲಿಸಬೇಕೋ, ಪ್ರಮಾಣ ತಗ್ಗಿಸಬೇಕೋ, ಬೇರೆಯದಕ್ಕೆ ಬದಲಿಸಬೇಕೋ ಎಂಬುದನ್ನು ವೈದ್ಯರೇ ಹೇಳಬೇಕು. ತಂದೆಯವರಿಗೆ ಹಿಂದೆ ಹೃದಯಾಘಾತವಾಗಿದ್ದರೆ ಅಥವಾ ಸ್ಟೆಂಟ್ ಹಾಕಿದ್ದರೆ ಯಾವುದನ್ನೂ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಹೃದಯ ದುರ್ಬಲವಾಗಿದೆ, ಪಂಪ್ ಮಾಡುವ ಶಕ್ತಿ ಕಡಿಮೆ ಎಂದು ಯಾರಾದರೂ ಹೇಳಿದ್ದಿದ್ದರೆ ಅದನ್ನು ಮೊದಲ ಮಾತಾಗಿ ತಿಳಿಸಿ. ಹೃದಯ ವೈಫಲ್ಯ ಇರುವವರಿಗೆ ಚರ್ಮದ ಕಾಯಿಲೆಗಾಗಿ ಇಟ್ರಕೊನಜೋಲ್ ಕೊಡುವುದಿಲ್ಲ.

ಸಕ್ಕರೆ ಮಾತ್ರೆಯ ಕುರಿತು ಒಂದು ಮಾತು. ಮುಂದೆ ಯಾರಾದರೂ ಇದರ ಬದಲು ಫ್ಲುಕೊನಜೋಲ್ ಕೊಟ್ಟರೆ, ಅದು ಗ್ಲಿಮೆಪಿರೈಡಿನ ಬಲವನ್ನು ಹೆಚ್ಚಿಸಿ ಸಕ್ಕರೆ ಹಠಾತ್ತನೆ ಕೆಳಗಿಳಿಯುವಂತೆ ಮಾಡಬಹುದು. ಹೆಸರಿನ ಕೊನೆ ಒಂದೇ ಎಂದ ಮಾತ್ರಕ್ಕೆ ಈ ಔಷಧಗಳ ತೊಂದರೆಗಳೆಲ್ಲ ಒಂದೇ ಅಲ್ಲ.

ಇನ್ನು ಹೊತ್ತಿನ ವಿಷಯ. ಕ್ಯಾಪ್ಸೂಲನ್ನು ಹೊಟ್ಟೆ ತುಂಬ ಉಂಡ ಕೂಡಲೇ ಕೊಡಿ. ಬೆಳಿಗ್ಗೆ ಕಡುಬೋ ಅಕ್ಕಿ ರೊಟ್ಟಿಯೋ ತಿಂದ ಮೇಲೆ ಒಂದು, ರಾತ್ರಿ ಊಟವಾದ ಮೇಲೆ ಒಂದು. ಬರೀ ಕಾಫಿ ಕುಡಿದು ನುಂಗಿದರೆ ಸಾಕಾಗುವುದಿಲ್ಲ. ಕ್ಯಾಪ್ಸೂಲನ್ನು ಬಿಚ್ಚಬಾರದು, ಒಳಗಿನ ಕಾಳುಗಳನ್ನು ನೀರಿಗೆ ಹಾಕಬಾರದು. ಜೊತೆಗೆ, ಅಂಗಡಿಯಲ್ಲಿ ಬರೆದ ಕಂಪನಿಯದು ಇಲ್ಲವೆಂದು 65 ಮಿಲಿಗ್ರಾಂ ಎಂದು ಮುದ್ರಿಸಿದ ಪಟ್ಟಿ ಕೊಟ್ಟರೆ ಗಾಬರಿಯಾಗಬೇಡಿ, ಹಾಗೆಂದು ಸುಮ್ಮನೆ ತೆಗೆದುಕೊಂಡೂ ಬರಬೇಡಿ. ಅದು ಹೆಚ್ಚು ಹೀರಲ್ಪಡುವಂತೆ ತಯಾರಿಸಿದ ಬೇರೆ ಬಗೆಯ ಇಟ್ರಕೊನಜೋಲ್. ಅದರ 65 ಮಿಲಿಗ್ರಾಂ ಸಾಮಾನ್ಯ ಕ್ಯಾಪ್ಸೂಲಿನ 100 ಮಿಲಿಗ್ರಾಂಗೆ ಸಮ. ಬರೆದ ವೈದ್ಯರನ್ನು ಕೇಳದೆ ಒಂದರ ಜಾಗಕ್ಕೆ ಇನ್ನೊಂದನ್ನು ತರಬಾರದು.

ಈ ಹೊತ್ತು ನೀವು ಮಾಡಬೇಕಾದದ್ದು ಇಷ್ಟೇ: ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿ. ಹಳೆಯ ಮುಲಾಮಿನ ಟ್ಯೂಬನ್ನೂ ಮರೆಯಬೇಡಿ.

ಉತ್ತರ 2: ಚಿಕ್ಕಮಗಳೂರಿನ ಚರ್ಮರೋಗ ವೈದ್ಯೆ

ಔಷಧಗಳ ಹೊಂದಾಣಿಕೆಯ ಬಗ್ಗೆ ಮೇಲಿನವರು ಬರೆದದ್ದು ಸರಿಯಾಗಿದೆ. ನಾನು ಮುಲಾಮು, ರಕ್ತಪರೀಕ್ಷೆ ಮತ್ತು ಚಿಕಿತ್ಸೆಯ ಅವಧಿಯ ಬಗ್ಗೆ ಬರೆಯುತ್ತೇನೆ.

ಹಚ್ಚಿದಾಗ ತಕ್ಷಣ ತುರಿಕೆ ನಿಂತು, ಬಿಟ್ಟ ಕೂಡಲೇ ಹರಡುವುದು ಸ್ಟಿರಾಯ್ಡ್ ಬೆರೆತ ಮುಲಾಮಿನ ಲಕ್ಷಣ. ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಿ. ಕ್ಲೋಬೆಟಸಾಲ್, ಬೆಕ್ಲೊಮೆಥಸೋನ್, ಬೀಟಾಮೆಥಸೋನ್ ಇವುಗಳಲ್ಲಿ ಯಾವುದಾದರೊಂದು ಹೆಸರು ಇದ್ದರೆ ಅದು ಸ್ಟಿರಾಯ್ಡ್. ಅದೇ ಟ್ಯೂಬಿನಲ್ಲಿ ಶಿಲೀಂಧ್ರನಾಶಕವೂ ಇರಬಹುದು, ಆದರೆ ಸ್ಟಿರಾಯ್ಡ್ ಆ ಜಾಗದ ರೋಗನಿರೋಧಕ ಶಕ್ತಿಯನ್ನು ಅಡಗಿಸುವುದರಿಂದ ತುರಿಕೆ ಕಾಣದಂತಾಗಿ ಶಿಲೀಂಧ್ರ ಮಾತ್ರ ಒಳಗೊಳಗೇ ಬೆಳೆಯುತ್ತದೆ. ಉಂಗುರದ ಆಕಾರವೂ ಕೆಟ್ಟುಹೋಗಿ, ನೋಡಿದ ವೈದ್ಯರಿಗೂ ಇದು ಹುಳುಕಡ್ಡಿಯೋ ಬೇರೆಯೋ ಎಂದು ಸಂಶಯ ಬರುವಂತಾಗುತ್ತದೆ. ತೊಡೆಸಂದಿನ ಚರ್ಮ ತೆಳುವಾದದ್ದರಿಂದ ಅಲ್ಲಿ ಬಿಳಿ ಗೀರುಗಳು ಬೀಳುತ್ತವೆ. ಒಮ್ಮೆ ಬಿದ್ದವು ಹೋಗುವುದಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗರ ತೊಡೆಗಳಲ್ಲಿ ಬೆರಳಗಲದ ಗೀರುಗಳನ್ನು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ. 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹಚ್ಚುವ ಸ್ಟಿರಾಯ್ಡ್‌ಗಳಲ್ಲಿ 14ನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅವನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವುದೂ ತರವಲ್ಲ. ಆ ಮುಲಾಮನ್ನು ಬಿಟ್ಟ ಮೊದಲ ದಿನಗಳಲ್ಲಿ ಕೆಂಪು ಮತ್ತು ತುರಿಕೆ ಹೆಚ್ಚಾಗಬಹುದು. ಹೊಸ ಔಷಧ ಒಗ್ಗಲಿಲ್ಲವೆಂದು ತಿಳಿದು ಮತ್ತೆ ಹಳೆಯ ಟ್ಯೂಬಿಗೆ ಹೋಗಬೇಡಿ.

ದಿನ ಬಿಟ್ಟು ದಿನ ಕೊಡುವ ಸಲಹೆಯನ್ನು ದಯವಿಟ್ಟು ಕೈಬಿಡಿ. ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿ ಹರಡಿರುವ ಹುಳುಕಡ್ಡಿಗೆ ಬಹುಮಟ್ಟಿಗೆ ಕಾರಣವಾಗಿರುವುದು ಟ್ರೈಕೋಫೈಟಾನ್ ಇಂಡೋಟಿನಿಯೆ ಎಂಬ ಶಿಲೀಂಧ್ರ. 2020ರಲ್ಲಿ ಅದಕ್ಕೆ ಈ ಹೆಸರನ್ನು ಇಟ್ಟರು. ಅದರ ಅನೇಕ ತಳಿಗಳು ಟರ್ಬಿನಾಫಿನ್ ಎಂಬ ಹಳೆಯ, ನಂಬಿಕಸ್ಥ ಔಷಧಕ್ಕೆ ಬಗ್ಗುವುದಿಲ್ಲ. ಹಿಂದೆ ಎರಡು ವಾರಕ್ಕೆ ಗುಣವಾಗುತ್ತಿದ್ದ ಕಾಯಿಲೆಗೆ ಈಗ ನಾಲ್ಕರಿಂದ ಎಂಟು ವಾರ, ಸ್ಟಿರಾಯ್ಡ್ ಹಚ್ಚಿದವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಚಿಕಿತ್ಸೆ ಬೇಕಾಗುತ್ತಿದೆ. ಅರೆಬರೆ ಪ್ರಮಾಣದಲ್ಲಿ ಕೊಟ್ಟರೆ ಕಾಯಿಲೆ ಹೋಗುವುದಿಲ್ಲ, ಅಡ್ಡಪರಿಣಾಮದ ಭಯ ಮಾತ್ರ ಉಳಿಯುತ್ತದೆ.

ಲಿವರಿನ ಬಗ್ಗೆ ನಿಮ್ಮ ನೆಂಟರ ಆತಂಕ ನಿರಾಧಾರವಲ್ಲ. ಈ ಗುಂಪಿನ ನುಂಗುವ ಔಷಧಗಳಿಂದ ಲಿವರಿಗೆ ಪೆಟ್ಟಾಗುವುದು ಅಪರೂಪ, ಆದರೆ ಆದಾಗ ಅಲಕ್ಷ್ಯ ಮಾಡುವಂತಿಲ್ಲ. ಕೀಟೊಕೊನಜೋಲ್ ಮಾತ್ರೆಯನ್ನು ಚರ್ಮದ ಸೋಂಕಿಗೆ ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಎಚ್ಚರಿಸಿದ್ದು ಇದೇ ಕಾರಣಕ್ಕೆ. ಶಾಂಪೂ, ಮುಲಾಮಿನ ರೂಪದಲ್ಲಿ ಅದಕ್ಕೆ ಆ ಭಯವಿಲ್ಲ. ತಂದೆಯವರ ವಯಸ್ಸನ್ನೂ ಉಳಿದ ಔಷಧಗಳನ್ನೂ ನೋಡಿದರೆ ಶುರು ಮಾಡುವ ಮೊದಲು ಒಂದು ಲಿವರ್ ಪರೀಕ್ಷೆ, ತಿಂಗಳಾದ ಮೇಲೂ ಚಿಕಿತ್ಸೆ ಮುಂದುವರಿದರೆ ಇನ್ನೊಂದು ಮಾಡಿಸುವುದು ಒಳ್ಳೆಯದು. ಮದ್ಯಪಾನದ ಅಭ್ಯಾಸವಿದ್ದರೆ ಅಷ್ಟು ದಿನ ಪೂರ್ತಿ ನಿಲ್ಲಿಸಬೇಕು. ಹಸಿವು ಸತ್ತುಹೋಗುವುದು, ನಿಲ್ಲದ ಓಕರಿಕೆ, ಬಲಪಕ್ಕೆಯ ಕೆಳಗೆ ನೋವು, ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗಿ ಮಲ ಬಿಳುಚಿಕೊಳ್ಳುವುದು, ಇವುಗಳಲ್ಲಿ ಒಂದು ಕಂಡರೂ ಕ್ಯಾಪ್ಸೂಲನ್ನು ಆ ಹೊತ್ತಿಗೇ ನಿಲ್ಲಿಸಿ ವೈದ್ಯರ ಬಳಿಗೆ ಬನ್ನಿ. ಕಾಲು ಊದಿದರೆ, ಮಲಗಿದಾಗ ಉಸಿರು ಕಟ್ಟಿದಂತಾದರೆ, ಎದೆ ಬಡಿತ ತಪ್ಪಿದಂತಾದರೆ ಮರುದಿನದವರೆಗೂ ಕಾಯಬಾರದು.

ಈ ಭಾಗದಲ್ಲಿ ಉಬ್ಬಸದ ರೋಗಿಗಳು ಬಹಳ ಇರುವುದರಿಂದ ಇನ್ನೊಂದು ಮಾತು ಸೇರಿಸುತ್ತೇನೆ. ಬುಡೆಸೊನೈಡ್ ಅಥವಾ ಫ್ಲುಟಿಕಾಸೋನ್ ಇರುವ ಇನ್‌ಹೇಲರ್ ಬಳಸುವವರು ಇಟ್ರಕೊನಜೋಲ್ ತೆಗೆದುಕೊಂಡರೆ ಆ ಸ್ಟಿರಾಯ್ಡ್ ದೇಹದಲ್ಲಿ ಶೇಖರವಾಗಿ ಮುಖ ಊದುವುದು, ಸಕ್ಕರೆ ಏರುವುದು ಮುಂತಾದ ತೊಂದರೆಗಳಾಗುತ್ತವೆ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರಿಗೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧವಾಗಿ ಇಟ್ರಕೊನಜೋಲನ್ನೇ ನಿಷ್ಪ್ರಯೋಜಕ ಮಾಡಿಬಿಡುತ್ತದೆ.

ವೈದ್ಯರು ಒಂದು ವೇಳೆ ಇಟ್ರಕೊನಜೋಲ್ ಬೇಡವೆಂದು ಟರ್ಬಿನಾಫಿನ್ ಮಾತ್ರೆಗೆ ಬದಲಿಸಿದರೆ ಗ್ಯಾಸ್ ಮಾತ್ರೆಯ ತೊಡಕು ಅಷ್ಟಿರುವುದಿಲ್ಲ. ಆದರೆ ಲಿವರ್ ಕಾಯಿಲೆ ಇರುವವರಿಗೆ ಅದೂ ಸಲ್ಲದು, ಮೂತ್ರಪಿಂಡದ ಶಕ್ತಿ ಕುಂದಿದ್ದರೂ ಸಲ್ಲದು. ನಾಲಿಗೆಯ ರುಚಿ ಕೆಲವರಿಗೆ ತಿಂಗಳುಗಳ ಕಾಲ ಹೋಗಿಬಿಡುತ್ತದೆ. ಕಾಫಿಯಲ್ಲಿರುವ ಕೆಫೀನ್ ದೇಹದಿಂದ ಹೊರಹೋಗುವ ವೇಗವನ್ನೂ ಅದು ಸ್ವಲ್ಪ ತಗ್ಗಿಸುತ್ತದೆ, ಹಾಗಾಗಿ ದಿನಕ್ಕೆ ನಾಲ್ಕೈದು ಲೋಟ ಕುಡಿಯುವ ನಮ್ಮ ಕಡೆಯವರಿಗೆ ನಿದ್ದೆ ಕೆಟ್ಟರೆ ಆಶ್ಚರ್ಯವಿಲ್ಲ.

ಲುಲಿಕೊನಜೋಲ್ ಕ್ರೀಮನ್ನು ದಿನಕ್ಕೆ ಒಂದೇ ಬಾರಿ, ಸ್ನಾನವಾಗಿ ಮೈ ಚೆನ್ನಾಗಿ ಆರಿದ ಮೇಲೆ ಹಚ್ಚಿ. ಶಿಲೀಂಧ್ರ ಚುರುಕಾಗಿರುವುದು ಕಲೆಯ ಅಂಚಿನಲ್ಲಿ. ಆದ್ದರಿಂದ ಅಂಚಿನಿಂದ 2 ಸೆಂಟಿಮೀಟರ್ ಆಚೆಗಿನ ಒಳ್ಳೆಯ ಚರ್ಮದಿಂದ ಶುರು ಮಾಡಿ ಒಳಮುಖವಾಗಿ ಹಚ್ಚಬೇಕು. ಕಲೆ ಮಾಸಿದ ಮೇಲೂ ಎರಡು ವಾರ ಮುಂದುವರಿಸಿ. ಕಪ್ಪು ಗುರುತು ಉಳಿದರೆ ಅದು ಕಾಯಿಲೆಯಲ್ಲ, ಅದು ತಾನಾಗಿ ನಿಧಾನವಾಗಿ ಹೋಗುತ್ತದೆ. ಸಂಶಯವಿದ್ದರೆ ಚರ್ಮದ ಹೊಟ್ಟನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸರಳ ಪರೀಕ್ಷೆ ಇದೆ, ಅದನ್ನು ಕೇಳಿ ಮಾಡಿಸಿಕೊಳ್ಳಿ.

ಉತ್ತರ 3: ಸಕಲೇಶಪುರದ ಗೃಹಿಣಿ

ಔಷಧದ ವಿಷಯವನ್ನು ತಿಳಿದವರು ಹೇಳಿದ್ದಾರೆ. ನಾನು ಬಟ್ಟೆ ಮತ್ತು ಮನೆಮಂದಿಯ ವಿಷಯವನ್ನು ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಔಷಧ ಸರಿಯಾಗಿದ್ದರೂ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇತ್ತು.

ಮೊದಲನೆಯದು ಉಡಿದಾರ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ನಮ್ಮ ಮಾವನವರ ಸೊಂಟದಲ್ಲಿದ್ದ ಹುಳುಕಡ್ಡಿ ದಾರ ಇದ್ದ ಗೆರೆಯಲ್ಲಿಯೇ ಸುತ್ತಿಕೊಂಡು ಹೋಗಿತ್ತು. ಅದನ್ನು ತೆಗೆಯಲು ಅವರು ಸುತರಾಂ ಒಪ್ಪಲಿಲ್ಲ, ಆಮೇಲೆ ವೈದ್ಯರೇ ಹೇಳಿದ ಮೇಲೆ ವಾಸಿಯಾಗುವವರೆಗೆ ಬೆಳ್ಳಿಯದನ್ನು ದೇವರ ಮನೆಯಲ್ಲಿಟ್ಟು ದಾರದ್ದನ್ನು ಬಿಚ್ಚಿ ಹಾಕಿದರು. ನಿಮ್ಮ ತಂದೆಯವರಿಗೂ ಗೌರವದಿಂದಲೇ ತಿಳಿಸಿ ಹೇಳಿ.

ಎರಡನೆಯದು ಬಿಸಿಲಿಲ್ಲದ ತಿಂಗಳುಗಳಲ್ಲಿ ಬಟ್ಟೆ ಒಣಗಿಸುವುದು. ಕಾಯಿಲೆ ಇರುವವರ ಒಳಬಟ್ಟೆ, ಪಂಚೆ, ಟವೆಲುಗಳನ್ನು ಬೇರೆಯಾಗಿ ಹಂಡೆಯ ಕುದಿನೀರಿನಲ್ಲಿ ನೆನೆಸಿ ಒಗೆಯುತ್ತೇನೆ. ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದರೂ ಸೊಂಟದ ಪಟ್ಟಿ, ಹೊಲಿಗೆಯ ಮಡಿಕೆ ಇವು ತಣ್ಣಗೇ ಉಳಿಯುತ್ತವೆ. ಅದಕ್ಕೆ ಒಳಮಗ್ಗುಲನ್ನು ಹೊರಗೆ ಮಾಡಿ ಇಸ್ತ್ರಿ ಹಾಕುತ್ತೇನೆ. ತೋಟದಿಂದ ಬಂದವರು ಒದ್ದೆ ಬಟ್ಟೆಯಲ್ಲಿಯೇ ಕಾಫಿಗೆ ಕೂರದೆ ಮೊದಲು ಮೈ ಒರೆಸಿಕೊಂಡು ಬಟ್ಟೆ ಬದಲಿಸಬೇಕು. ಮನೆಯಲ್ಲಿ ಇನ್ನೂ ಯಾರಿಗೆ ತುರಿಕೆ ಇದೆಯೋ ಅವರೆಲ್ಲರೂ ಒಂದೇ ಕಾಲಕ್ಕೆ ಔಷಧ ಮಾಡಬೇಕು, ಆದರೆ ತಮ್ಮ ತಮ್ಮ ಚೀಟಿಯ ಪ್ರಕಾರ.

ಈ ಕೊನೆಯ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಲೈನ್ ಮನೆಯಲ್ಲಿರುವ ಒಬ್ಬ ಹೆಣ್ಣುಮಗಳು ಗಂಡನಿಗೆ ಕೊಟ್ಟ ಕ್ಯಾಪ್ಸೂಲನ್ನು ತಾನೂ ನುಂಗಲು ಹೊರಟಿದ್ದಳು, ಆಗ ಅವಳು ನಾಲ್ಕು ತಿಂಗಳ ಬಸುರಿ. ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು ನುಂಗುವುದೊಂದನ್ನೂ ಕೊಡದೆ ಕ್ಲೋಟ್ರಿಮಜೋಲ್ ಮುಲಾಮನ್ನು ಮಾತ್ರ ಕೊಟ್ಟರು. ಗರ್ಭದಲ್ಲಿರುವ ಮಗುವಿಗೆ ತೊಂದರೆಯಾಗುವ ಔಷಧಗಳು ಇವುಗಳಲ್ಲಿವೆ ಎಂದು ವಿವರಿಸಿದರು. ಗ್ರೈಸಿಯೋಫುಲ್ವಿನ್ ಎಂಬ ಮಾತ್ರೆಯನ್ನಂತೂ ಬಸುರಿಯರು ಮುಟ್ಟಲೇಬಾರದು, ಗಂಡಸರು ತೆಗೆದುಕೊಂಡರೆ ಮುಗಿಸಿದ ಆರು ತಿಂಗಳವರೆಗೆ ಮಗು ಮಾಡಿಕೊಳ್ಳುವ ಯೋಚನೆ ಬೇಡ ಎಂದೂ ಹೇಳಿದರು.

ಅಡಿಕೆಯ ಕೊಳೆಗೆ ಹೊಡೆಯುವ ಬೋರ್ಡೋ ದ್ರಾವಣವೂ ಶಿಲೀಂಧ್ರಕ್ಕೇ ಅಲ್ಲವೇ, ಸ್ವಲ್ಪ ಮೈಲುತುತ್ತವನ್ನು ಹಚ್ಚಿದರೇನು ಎಂದು ಆಳುಗಳಲ್ಲಿ ಒಬ್ಬ ಕೇಳಿದ್ದ. ಅದು ಚರ್ಮವನ್ನು ಸುಡುತ್ತದೆ, ಖಂಡಿತ ಕೂಡದು. ಬೆಳ್ಳುಳ್ಳಿ ಅರೆದು ಕಟ್ಟಿದರೂ ತೊಡೆಸಂದಿನಲ್ಲಿ ಬೊಬ್ಬೆ ಏಳುತ್ತದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮಾತ್ರೆಗಳನ್ನೆಲ್ಲ ಚೀಲದಲ್ಲಿ ತೆಗೆದುಕೊಂಡು ಹೋಗಿ ಅದೇ ವೈದ್ಯರನ್ನು ಕಂಡೆವು. ಹಳೆಯ ಟ್ಯೂಬಿನಲ್ಲಿ ಕ್ಲೋಬೆಟಸಾಲ್ ಇತ್ತು. ಗ್ಯಾಸ್ ಮಾತ್ರೆಯನ್ನು ಏಕೆ ತೆಗೆದುಕೊಳ್ಳುತ್ತೀರಿ ಎಂದು ವೈದ್ಯರು ಕೇಳಿದರೆ ತಂದೆಯವರಲ್ಲಿ ಉತ್ತರವಿರಲಿಲ್ಲ. ಹಿಂದೊಮ್ಮೆ ಜ್ವರಕ್ಕೆ ಮಾತ್ರೆ ಕೊಟ್ಟಾಗ ಜೊತೆಗೆ ಬರೆದದ್ದು ಹಾಗೆಯೇ ಮುಂದುವರಿದಿತ್ತು. ಅದನ್ನು ನಿಲ್ಲಿಸಿದ್ದಾರೆ. ಇಸಿಜಿ ಮತ್ತು ಲಿವರ್ ಪರೀಕ್ಷೆ ಮಾಡಿಸಿ, ಎರಡೂ ಸರಿಯಿದ್ದುದರಿಂದ ಇಟ್ರಕೊನಜೋಲನ್ನೇ ಶುರು ಮಾಡಿಸಿದ್ದಾರೆ. ಅಟೋರ್ವಾಸ್ಟಾಟಿನ್ ಬದಲು ರೋಸುವಾಸ್ಟಾಟಿನ್ ಕೊಟ್ಟಿದ್ದಾರೆ. ಆಮ್ಲೋಡಿಪಿನ್ ಹಾಗೆಯೇ ಇದೆ, ವಾರಕ್ಕೊಮ್ಮೆ ಬಿಪಿ ನೋಡಿಸಿ ಪಾದದ ಊತವನ್ನು ಗಮನಿಸಲು ಹೇಳಿದ್ದಾರೆ. ತಿಂಗಳಿಗೆ ಮತ್ತೆ ಬರಬೇಕು.

ಇನ್ನೆರಡು ಸಣ್ಣ ಪ್ರಶ್ನೆಗಳು. ಒಂದು ಹೊತ್ತಿನ ಕ್ಯಾಪ್ಸೂಲ್ ತಪ್ಪಿದರೆ ಏನು ಮಾಡಬೇಕು? ಚಿಕಿತ್ಸೆ ಮುಗಿದ ಮೇಲೆ ಗ್ಯಾಸ್ ಮಾತ್ರೆಯನ್ನೋ ಹಳೆಯ ಕೊಲೆಸ್ಟ್ರಾಲ್ ಮಾತ್ರೆಯನ್ನೋ ಮರುದಿನವೇ ಶುರು ಮಾಡಬಹುದೇ?

ಉತ್ತರ 4: ಹಾಸನದ ಫಾರ್ಮಸಿಸ್ಟ್

ತಪ್ಪಿದ್ದು ನೆನಪಾದಾಗ ಮುಂದಿನ ಊಟದೊಂದಿಗೆ ಕೊಡಿ. ಅಷ್ಟರಲ್ಲಿ ಮುಂದಿನ ಹೊತ್ತಿನದೇ ಬಂದಿದ್ದರೆ ತಪ್ಪಿದ್ದನ್ನು ಬಿಟ್ಟುಬಿಡಿ, ಎರಡನ್ನು ಒಟ್ಟಿಗೆ ಕೊಡಬೇಡಿ.

ಎರಡನೆಯ ಪ್ರಶ್ನೆ ಮುಖ್ಯವಾದದ್ದು. ಇಟ್ರಕೊನಜೋಲ್ ನಿಲ್ಲಿಸಿದ ಕೂಡಲೇ ದೇಹದಿಂದ ಹೋಗುವುದಿಲ್ಲ. ರಕ್ತದಿಂದ ಪೂರ್ತಿ ಇಳಿಯಲು ಒಂದರಿಂದ ಎರಡು ವಾರ ಹಿಡಿಯುತ್ತದೆ. ಆದ್ದರಿಂದ ಡೊಂಪೆರಿಡೋನ್ ಇರುವ ಯಾವ ಮಾತ್ರೆಯನ್ನೂ ಆ ಎರಡು ವಾರ ಕೊಡಬಾರದು, ಕೊಲೆಸ್ಟ್ರಾಲಿನ ಮಾತ್ರೆಯನ್ನು ಮರಳಿ ಬದಲಿಸುವುದಿದ್ದರೂ ವೈದ್ಯರು ಹೇಳಿದ ದಿನದಿಂದಲೇ ಆಗಲಿ. ಈ ನಡುವೆ ವಾಂತಿಯೋ ಜ್ವರವೋ ಬಂದು ಬೇರೆ ಕಡೆ ತೋರಿಸಬೇಕಾದರೆ ಇಟ್ರಕೊನಜೋಲ್ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿ. ಯಾವುದಾದರೂ ಅಡ್ಡಪರಿಣಾಮ ಕಂಡು ವೈದ್ಯರಿಗೆ ತೋರಿಸಿದ ಮೇಲೆ ಅದನ್ನು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ಸಂಖ್ಯೆ 1800-180-3024ಕ್ಕೂ ತಿಳಿಸಬಹುದು, ರೋಗಿಯ ಮನೆಯವರೂ ಕರೆ ಮಾಡಬಹುದು.